ಹಾಲುಹೊಳೆಯ ದಂಡೆಯಲ್ಲಿ ಮರ ನೆಟ್ಟ ರೈತ

ಉಕ್ರೇನಿನ ಬಯಲಿನಲ್ಲಿ ಇನ್ನೂರು ವರ್ಷಗಳ ಹಿಂದೆ ಬೇಸಾಯಕ್ಕಿಳಿದ ಮೆನೊನೈಟ್ ರೈತ ಯೋಹಾನ್ ಕೊರ್ನೀಸ್ ಅವರ ಬದುಕು, ಸಾವು ಮತ್ತು ಅವರ ನಂತರವೂ ಬೆಳೆದ ಕಾಡಿನ ಕಥೆ

ದಕ್ಷಿಣ ಉಕ್ರೇನಿನಲ್ಲಿ, ಅಜೋವ್ ಸಮುದ್ರದ ಕಡೆಗೆ ಹರಿಯುವ ಒಂದು ಸಣ್ಣ ಹೊಳೆಯಿದೆ. ಹೆಸರು ಮೊಲೋಚ್ನಾ. ಹಾಲಿನ ಹೊಳೆ ಎಂದು ಅದರ ಅರ್ಥ. 1804ರಲ್ಲಿ ಅದರ ಪೂರ್ವ ದಂಡೆಗೆ ಗಾಡಿ ಕಟ್ಟಿಕೊಂಡು ಬಂದ ಮೆನೊನೈಟ್ ಕುಟುಂಬಗಳಿಗೆ ಕಣ್ಣು ಹಾಯಿಸಿದಷ್ಟು ದೂರವೂ ಕಂಡದ್ದು ಹುಲ್ಲು. ದಣಿದವರಿಗೆ ನೆರಳಿಲ್ಲ, ಮನೆಗೆ ತೊಲೆಯಿಲ್ಲ, ಒಲೆಗೆ ಸೌದೆಯಿಲ್ಲ. ಸಗಣಿ ಗೊಬ್ಬರವನ್ನೇ ಇಟ್ಟಿಗೆಯಂತೆ ಕತ್ತರಿಸಿ, ಒಣಗಿಸಿ, ಚಳಿಗಾಲಕ್ಕೆ ಒಟ್ಟಿಕೊಳ್ಳಬೇಕಿತ್ತು. ಹೊಲಕ್ಕೆ ಸೇರಬೇಕಾದ ಸಾರ ಒಲೆಯಲ್ಲಿ ಬೂದಿಯಾಗುತ್ತಿತ್ತು. ಇಂಥ ಬಯಲಿನಲ್ಲಿ ಪ್ರತಿಯೊಬ್ಬ ರೈತನೂ ಮರ ನೆಡಲೇಬೇಕೆಂದು ಹಟ ಹಿಡಿದ ಒಬ್ಬ ಮನುಷ್ಯನ ಪರಿಚಯವಿದು.

ಕೊರ್ನೀಸ್ ಅವರನ್ನು ತಿಳಿಯುವ ಮುನ್ನ ಅವರ ಜನವನ್ನು ತಿಳಿಯಬೇಕು. 16ನೇ ಶತಮಾನದಲ್ಲಿ ನೆದರ್ಲೆಂಡ್ಸ್‌ನ ಫ್ರೀಸ್‌ಲ್ಯಾಂಡ್ ಸೀಮೆಯಲ್ಲಿ ಮೆನ್ನೊ ಸೈಮನ್ಸ್ ಎಂಬ ಪಾದ್ರಿಯಿದ್ದರು. 1536ರಲ್ಲಿ ಅವರು ಕ್ಯಾಥೊಲಿಕ್ ಸಭೆಯನ್ನು ತೊರೆದು ಹೊಸ ಪಂಥವೊಂದನ್ನು ಸೇರಿದರು. ಹಸುಗೂಸಿಗೆ ಕೊಡುವ ದೀಕ್ಷಾಸ್ನಾನಕ್ಕೆ ಅರ್ಥವಿಲ್ಲ, ತಿಳಿವಳಿಕೆ ಬಂದವರು ತಾವೇ ಕೇಳಿ ಪಡೆಯಬೇಕು, ಆಣೆ ಇಡಬಾರದು, ಕತ್ತಿ ಹಿಡಿಯಬಾರದು. ಇದು ಆ ಪಂಥದ ನಿಲುವು. ಮುಂದೆ ಅವರ ಹೆಸರಿನಿಂದಲೇ ಈ ಜನ ಮೆನೊನೈಟರಾದರು. ಆ ನಂಬಿಕೆಗಾಗಿ ಅನೇಕರು ಬೆಂಕಿಗೂ ನೀರಿಗೂ ಬಲಿಯಾದರು. ಉಳಿದವರಲ್ಲಿ ಹಲವರು ಪೂರ್ವಕ್ಕೆ ಹೋಗಿ, ವಿಸ್ತುಲಾ ನದಿ ಸಮುದ್ರ ಸೇರುವಲ್ಲಿನ ಜೌಗು ನೆಲದಲ್ಲಿ ನೆಲೆಸಿದರು. ಏರಿ ಕಟ್ಟಿ, ಗಾಳಿಯಂತ್ರಗಳಿಂದ ನೀರು ಎತ್ತಿ ಹಾಕಿ ಆ ಕೆಸರನ್ನು ಗದ್ದೆ ಮಾಡಿದರು. ಬೇರೆ ಯಾರಿಗೂ ಬೇಡವಾದ ನೆಲವನ್ನು ಹಸನುಗೊಳಿಸುವುದು ಆಗಿನಿಂದಲೇ ಅವರ ಪಾಲಿಗೆ ಬಂದ ಕಸುಬು.

ಆ ನೆಲವೂ ಇಕ್ಕಟ್ಟಾಯಿತು. ಸೈನ್ಯಕ್ಕೆ ಆಳು ಕೊಡದವರು ಹೊಸದಾಗಿ ಜಮೀನು ಕೊಳ್ಳುವುದಕ್ಕೆ 1789ರಲ್ಲಿ ಆ ಸೀಮೆಯನ್ನು ಆಳುತ್ತಿದ್ದ ಪ್ರಷ್ಯಾದ ಅರಸ ಕಟ್ಟುಪಾಡು ಹಾಕಿದ. ಅದೇ ವರ್ಷ ಮೆನೊನೈಟರ ಮೊದಲ ತಂಡ, ರಷ್ಯಾದ ರಾಣಿ ಕ್ಯಾಥರೀನ್ ಕೊಟ್ಟಿದ್ದ ಆಹ್ವಾನವನ್ನು ನಂಬಿ, ಆಗ ರಷ್ಯಾದ ಆಳ್ವಿಕೆಯಲ್ಲಿದ್ದ ಉಕ್ರೇನಿನಲ್ಲಿ, ನೀಪರ್ ನದಿಯ ದಂಡೆಯ ಖೊರ್ತಿತ್ಸಾಕ್ಕೆ ಬಂದು ಸೇರಿತು. ಡಾನ್ಸಿಗ್ ಪಟ್ಟಣದ ಹತ್ತಿರದ ಬೇರ್ವಾಲ್ಡೆ ಎಂಬ ಹಳ್ಳಿಯಲ್ಲಿ ಯೋಹಾನ್ ಕೊರ್ನೀಸ್ ಹುಟ್ಟಿದ್ದೂ ಅದೇ 1789ರಲ್ಲಿ.

ಗಾಡಿಯಿಂದ ಹೊಲಕ್ಕೆ

ತಂದೆ ಗಿಡಮೂಲಿಕೆ ಬಲ್ಲ ನಾಟಿ ವೈದ್ಯ. ಹುಡುಗನಿಗೆ ಹದಿನೈದು ವರ್ಷವಾದಾಗ ಕುಟುಂಬ ರಷ್ಯಾಕ್ಕೆ ಹೊರಟಿತು. ಮೊದಲು ಖೊರ್ತಿತ್ಸಾದಲ್ಲಿದ್ದು, 1806ರಲ್ಲಿ ಮೊಲೋಚ್ನಾದ ಓರ್ಲೋಫ್ ಎಂಬ ಹೊಸ ಊರಿಗೆ ಬಂದು ನಿಂತಿತು. ಹುಡುಗ ಒಂದು ವರ್ಷ ಹಿಟ್ಟಿನ ಗಿರಣಿಯಲ್ಲಿ ದುಡಿದ. ಆಮೇಲೆ ಊರವರ ಬೆಣ್ಣೆ, ಗಿಣ್ಣು, ಕಾಳುಗಳನ್ನು ಗಾಡಿಗೆ ಹೇರಿಕೊಂಡು ಕ್ರಿಮಿಯಾದ ಸಿಂಫೆರೊಪೋಲ್, ಫಿಯೊಡೊಸಿಯಾ ಸಂತೆಗಳಿಗೆ ಓಡಾಡಿದ. ಯಾವ ಮಾಲು ಎಲ್ಲಿ ಓಡುತ್ತದೆ, ಯಾವ ನೆಲ ಏನು ಕೊಡುತ್ತದೆ ಎಂಬುದನ್ನು ಅವರು ಕಲಿತದ್ದು ಈ ದಾರಿಗಳಲ್ಲಿ. 1811ರಲ್ಲಿ ಅಗಾನೆಥಾ ಕ್ಲಾಸನ್ ಅವರನ್ನು ಮದುವೆಯಾದರು. ಮರುವರ್ಷ ಓರ್ಲೋಫಿನಲ್ಲಿ ಸ್ವಂತ ಹೊಲಮನೆ ಕೊಂಡರು.

ಸರ್ಕಾರ ಪ್ರತಿ ಕುಟುಂಬಕ್ಕೆ ಕೊಟ್ಟಿದ್ದ ಹಿಡುವಳಿ 65 ದೆಸ್ಯಾತೀನಾ, ಅಂದರೆ ಸುಮಾರು 175 ಎಕರೆ. ಆರಂಭದ ವರ್ಷಗಳಲ್ಲಿ ಬಂದರು ದೂರ, ಗೋಧಿಗೆ ಬೆಲೆಯಿಲ್ಲ. ಹಾಗಾಗಿ ಬಯಲಿನ ಬದುಕು ಉಣ್ಣೆಯ ಮೇಲೆ ನಿಂತಿತ್ತು. ಕೊರ್ನೀಸ್ ಯೂಶಾನ್ಲಿ ಎಂಬ ಹೊಳೆಯ ಬದಿಯ ಸರ್ಕಾರಿ ಬಯಲನ್ನು ಗುತ್ತಿಗೆ ಹಿಡಿದು ಕುರಿ ಸಾಕಿದರು. ಒಳ್ಳೆಯ ತಳಿ ಹುಡುಕಿಕೊಂಡು ಜರ್ಮನಿಯ ಸ್ಯಾಕ್ಸನಿಯವರೆಗೆ ಹೋಗಿ ಮೆರಿನೊ ಕುರಿ ಕೊಂಡು ತಂದರು. 1836ರಲ್ಲಿ ಚಕ್ರವರ್ತಿ ಒಂದನೇ ನಿಕೊಲಸ್ ಅದೇ ಯೂಶಾನ್ಲಿಯಲ್ಲಿ 500 ದೆಸ್ಯಾತೀನಾ ನೆಲವನ್ನು ಅವರ ವಂಶಕ್ಕೆ ಬಿಟ್ಟುಕೊಟ್ಟ. ಬದುಕಿನ ಕೊನೆಯ ಹೊತ್ತಿಗೆ ಅವರ ಬಳಿ ಸುಮಾರು 8,000 ಕುರಿ, 500 ಕುದುರೆ, 200 ದನಗಳಿದ್ದವು.

ಇಷ್ಟೇ ಆಗಿದ್ದರೆ ಅವರು ಒಬ್ಬ ಸಿರಿವಂತ ಜಮೀನ್ದಾರನಾಗಿ ಮರೆತುಹೋಗುತ್ತಿದ್ದರು. ತನ್ನ ಹೊಲದಲ್ಲಿ ಕಂಡುಕೊಂಡದ್ದು ಊರ ಹೊಲಗಳಿಗೆಲ್ಲ ಹಬ್ಬಬೇಕು ಎಂಬ ತುಡಿತ ಅವರನ್ನು ಬೇರೆಯಾಗಿಸಿತು.

ಉತ್ತು ಬಿಟ್ಟ ನೆಲ

1830ರ ಸುಮಾರಿಗೆ ಸರ್ಕಾರದ ಒತ್ತಾಸೆಯಿಂದ ಮೊಲೋಚ್ನಾದಲ್ಲಿ ಕೃಷಿ ಸಂಘವೊಂದು ಹುಟ್ಟಿತು. ಕೊರ್ನೀಸ್ ಅದರ ಆಜೀವ ಅಧ್ಯಕ್ಷರಾದರು. ಸಂಘದ ಮೊದಲ ಕೆಲಸವೇ ಮರ ಬೆಳೆಸುವುದು. ಪ್ರತಿ ಹಿಡುವಳಿದಾರನೂ ಅರ್ಧ ದೆಸ್ಯಾತೀನಾ ನೆಲದಲ್ಲಿ ಮರ ನೆಡಬೇಕೆಂದು ನಿಯಮವಾಯಿತು. ಹಣ್ಣಿನ ಗಿಡ, ನೆರಳಿನ ಮರ, ಬೇಲಿಗೆ ಹಿಪ್ಪುನೇರಳೆ. ಸಸಿಗಳು ಬರುತ್ತಿದ್ದದ್ದು ಯೂಶಾನ್ಲಿಯ ಸಸಿತೋಟದಿಂದ. ಹಿಪ್ಪುನೇರಳೆಯ ಜೊತೆಗೆ ರೇಷ್ಮೆಹುಳು ಸಾಕಣೆ ಮನೆಗಳಿಗೆ ಬಂತು. ಮರದ ಸಾಲುಗಳು ಬಯಲ ಗಾಳಿಯ ರಭಸ ತಗ್ಗಿಸಿದವು, ಚಳಿಗಾಲದ ಹಿಮವನ್ನು ಹೊಲದಲ್ಲೇ ಹಿಡಿದು ನಿಲ್ಲಿಸಿದವು. ಹಿಮ ಕರಗಿದರೆ ಅದೇ ನೀರು.

1833ರಲ್ಲಿ ದಕ್ಷಿಣ ರಷ್ಯಾದ ಮೇಲೆ ಭೀಕರ ಬರ ಬಿತ್ತು. ಬೆಳೆ ಕೈಕೊಟ್ಟಿತು, ಜಾನುವಾರು ಸತ್ತವು. ಮಳೆಯನ್ನು ತರಿಸುವುದು ರೈತನ ಕೈಯಲ್ಲಿಲ್ಲ. ಬಿದ್ದದ್ದನ್ನು ಮಣ್ಣಿನಲ್ಲಿ ಉಳಿಸಿಕೊಳ್ಳುವುದು ಅವನ ಕೈಯಲ್ಲಿದೆ. ಕೊರ್ನೀಸ್ ಮುಂದಿನ ವರ್ಷಗಳಲ್ಲಿ ಊರೂರಿಗೆ ಹೇಳಿದ್ದು ಇದನ್ನೇ. ಹೊಲವನ್ನು ನಾಲ್ಕು ಭಾಗ ಮಾಡುವುದು. ಒಂದು ಭಾಗವನ್ನು ಬಿತ್ತದೆ ಬೀಳು ಬಿಡುವುದು. ಆದರೆ ಹುಲ್ಲು ಬೆಳೆಯಲು ಬಿಡುವ ಬೀಳಲ್ಲ ಅದು. ಬೇಸಿಗೆಯುದ್ದಕ್ಕೂ ಮತ್ತೆಮತ್ತೆ ಉತ್ತು, ಕಳೆ ತೆಗೆದು, ಮೇಲ್ಮಣ್ಣನ್ನು ಸಡಿಲವಾಗಿ ಇಡುವುದು. ಕಳೆ ಹೀರುವ ನೀರು ಉಳಿಯುತ್ತದೆ, ಪುಡಿಮಣ್ಣಿನ ಹೊದಿಕೆಯ ಕೆಳಗೆ ತೇವ ಆರುವುದಿಲ್ಲ. ಮರುವರ್ಷ ಅಲ್ಲಿ ಬಾರ್ಲಿ, ಆಮೇಲೆ ಗೋಧಿ, ಅದರಾಚೆ ರೈ ಅಥವಾ ಓಟ್ಸ್, ಮತ್ತೆ ಬೀಳು. ಇರುವ ಹೊಲದಲ್ಲಿ ಕಾಲು ಭಾಗ ಖಾಲಿ ಬಿಡು ಎಂದರೆ ಯಾವ ರೈತನಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆದರೆ ಕಣಜ ಉತ್ತರ ಕೊಟ್ಟಿತು. ಬೆರ್ದ್ಯಾನ್ಸ್ಕ್ ಬಂದರು ಹತ್ತಿರದಲ್ಲೇ ತೆರೆದಾಗ ಕುರಿಯ ಬಯಲು ಗೋಧಿಯ ಬಯಲಾಗಲು ಮೊಲೋಚ್ನಾ ಸಿದ್ಧವಾಗಿತ್ತು.

ಕೊರ್ನೀಸ್ ಅವರ ಕಾಳಜಿ ತಮ್ಮ ಪಂಥಕ್ಕೆ ನಿಲ್ಲಲಿಲ್ಲ. ಪಕ್ಕದಲ್ಲಿ ನೊಗಾಯ್ ಎಂಬ ಮುಸ್ಲಿಂ ಪಶುಪಾಲಕರಿದ್ದರು. ನಮ್ಮ ಹಳ್ಳಿಗಳಲ್ಲಿ ಕುರಿಯನ್ನು ಪಾಲಿಗೆ ಬಿಡುವಂತೆ ಅವರಿಗೆ ಮೆರಿನೊ ಕುರಿಗಳನ್ನು ಕೊಟ್ಟು, ಹುಟ್ಟಿದ ಮರಿಗಳನ್ನು ಹಂಚಿಕೊಳ್ಳುವ ಕರಾರು ಮಾಡಿಕೊಂಡರು. ಅವರಿಗಾಗಿ ಅಕ್ಕರ್ಮಾನ್ ಎಂಬ ಮಾದರಿ ಗ್ರಾಮವನ್ನು ಕಟ್ಟಿಸಿದರು. ಅವರ ರೀತಿರಿವಾಜುಗಳ ಬಗ್ಗೆ ಬರೆದರು. ಬಡತನದಲ್ಲಿ ಬಿದ್ದಿದ್ದ ಹುಟ್ಟರೈಟ್ ಪಂಥದವರಿಗೆ 1842ರಲ್ಲಿ ಮೊಲೋಚ್ನಾದಲ್ಲಿ ನೆಲೆ ಒದಗಿಸಿದರು. 1843ರಿಂದ ಶಾಲೆಗಳ ಹೊಣೆಯೂ ಅವರ ಸಂಘಕ್ಕೇ ಬಂತು. ಅದೇ ವರ್ಷ ಜರ್ಮನ್ ವಿದ್ವಾಂಸ ಹಾಕ್ಸ್‌ಟ್‌ಹೌಸೆನ್ ರಷ್ಯಾ ಪ್ರವಾಸದಲ್ಲಿ ಅವರನ್ನು ಕಂಡು ಮೆಚ್ಚಿ ಬರೆದ. ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದ ಈ ರೈತ ಪೀಟರ್ಸ್‌ಬರ್ಗಿನ ಪಂಡಿತರೊಡನೆ ಪತ್ರ ವ್ಯವಹಾರ ನಡೆಸುತ್ತಿದ್ದರು.

ಆಜ್ಞೆಯ ನೋವು

ಇಲ್ಲಿ ಕಥೆ ಕಹಿಯಾಗುತ್ತದೆ, ಅದನ್ನು ಮರೆಮಾಚಬಾರದು. ಸಂಘದ ಮಾತಿಗೆ ಬೆನ್ನಿಗಿದ್ದದ್ದು ಸರ್ಕಾರದ ಬಲ. ಎಷ್ಟು ಅಂತರದಲ್ಲಿ ಗಿಡ ನೆಡಬೇಕು, ಯಾವಾಗ ಉಳಬೇಕು, ಮನೆ ಹೇಗಿರಬೇಕು ಎಂಬುದೆಲ್ಲ ಅಪ್ಪಣೆಯಾಗಿ ಬರುತ್ತಿತ್ತು. ಮೀರಿದವರಿಗೆ ದಂಡವಿತ್ತು. ಕತ್ತಿಯನ್ನೂ ಆಳುವವರ ಸಹವಾಸವನ್ನೂ ದೂರವಿಟ್ಟು ಬದುಕಿದ ಜನಕ್ಕೆ, ತಮ್ಮವನೇ ಆದ ಒಬ್ಬ ರೈತ ಸರ್ಕಾರದ ಕೈಯಾಗಿ ಹೊಲದ ಬದುವಿನಲ್ಲಿ ನಿಂತದ್ದು ನುಂಗಲಾರದ ಸಂಗತಿ. ಅತಿ ದೊಡ್ಡ ಸಭೆಯ ಹಿರಿಯ ಯಾಕೋಬ್ ವಾರ್ಕೆಂಟಿನ್ ಎದುರು ನಿಂತರು. 1842ರಲ್ಲಿ ಅಧಿಕಾರಿಗಳು ಅವರನ್ನೇ ಪದವಿಯಿಂದ ಇಳಿಸಿದರು. ಸಭೆ ತಾನೇ ಆರಿಸಿದ ಹಿರಿಯನನ್ನು ಸರ್ಕಾರ ಕೆಳಗಿಳಿಸಿತು ಎಂಬ ನೋವು ಬಹುಕಾಲ ಆರಲಿಲ್ಲ.

ನಾನು ಈ ರೈತನನ್ನು ಗೌರವಿಸುತ್ತೇನೆ. ಆದರೆ ಆ ಹಿರಿಯರ ಆತಂಕ ಬರಿಯ ಮೊಂಡುತನವಾಗಿರಲಿಲ್ಲ ಎಂದೂ ನಂಬುತ್ತೇನೆ. ಒಳ್ಳೆಯದನ್ನು ಬಲವಂತದಿಂದ ಮಾಡಿಸಿದರೆ ಮರವೇನೋ ಬೆಳೆಯುತ್ತದೆ, ಮನಸ್ಸು ಮುರಿಯುತ್ತದೆ. ಕೊರ್ನೀಸ್ ಬಿಟ್ಟುಹೋದ ಪ್ರಶ್ನೆ ಇದೇ.

ಸಾವಿನ ನಂತರ

1847ರಲ್ಲಿ ಅಗಾನೆಥಾ ತೀರಿಕೊಂಡರು. ಮರುವರ್ಷ, ರಷ್ಯಾದ ಹಳೆಯ ಪಂಚಾಂಗದಂತೆ 1848ರ ಮಾರ್ಚ್ 13ರಂದು, ಇನ್ನೂ ಅರವತ್ತು ತುಂಬದ ಕೊರ್ನೀಸ್ ಓರ್ಲೋಫಿನಲ್ಲಿ ಕೊನೆಯುಸಿರೆಳೆದರು. ಅದು ಹಿಮ ಕರಗಿ ನೇಗಿಲು ಹೂಡುವ ಹೊತ್ತು. ಸಂಘದ ಹೊಣೆಯನ್ನು ಅಳಿಯ ಫಿಲಿಪ್ ವೀಬೆ ವಹಿಸಿಕೊಂಡರು. ಕೆಲಸ ನಿಲ್ಲಲಿಲ್ಲ.

ಆದರೆ ಅವರು ಬಿಡಿಸಲಾಗದ ಗಂಟೊಂದು ಉಳಿದಿತ್ತು. ಹಿಡುವಳಿಯನ್ನು ಮಕ್ಕಳಿಗೆ ಪಾಲು ಮಾಡುವಂತಿರಲಿಲ್ಲ. ಒಬ್ಬನಿಗೆ ಹೊಲ, ಉಳಿದವರಿಗೆ ಬರಿಗೈ. ಅಂಥವರಿಗಾಗಿ ಕೊರ್ನೀಸ್ ನೋಯ್-ಹಾಲ್ಬ್‌ಷ್ಟಾಟ್ ಎಂಬ ಕಸುಬುದಾರರ ಊರು ಕಟ್ಟಿಸಿದ್ದರು. ಅದು ಸಾಲಲಿಲ್ಲ. 1860ರ ದಶಕದ ಹೊತ್ತಿಗೆ ಮೊಲೋಚ್ನಾದ ಅರ್ಧಕ್ಕೂ ಹೆಚ್ಚು ಕುಟುಂಬಗಳಿಗೆ ನೆಲವಿರಲಿಲ್ಲ. ನೆರೆಯ ನೊಗಾಯ್ ಜನರೂ ಕ್ರಿಮಿಯಾ ಯುದ್ಧದ ನಂತರ, 1860ರ ಸುಮಾರಿಗೆ, ಹಿಂಡು ಹಿಂಡಾಗಿ ತುರ್ಕಿಯ ಸೀಮೆಗೆ ಹೊರಟುಹೋದರು. ಅಕ್ಕರ್ಮಾನಿನ ಅಂದದ ಬೀದಿಯೂ ಅವರನ್ನು ಹಿಡಿದಿಡಲಿಲ್ಲ.

1874ರಲ್ಲಿ ರಷ್ಯಾ ಎಲ್ಲ ಯುವಕರಿಗೂ ಸೈನ್ಯಸೇವೆಯ ಕಾನೂನು ತಂದಾಗ ಮೆನೊನೈಟರ ಕತ್ತಿ ಹಿಡಿಯದ ವ್ರತಕ್ಕೇ ಕುತ್ತು ಬಂತು. ಮೂರರಲ್ಲಿ ಒಂದು ಪಾಲಿನಷ್ಟು ಜನ, ಸುಮಾರು 18,000, ಗೋಧಿಯ ಬೀಜದೊಡನೆ ಅಮೆರಿಕದ ಕ್ಯಾನ್ಸಸ್, ಕೆನಡಾದ ಮ್ಯಾನಿಟೋಬಾದಂಥ ಬಯಲುಗಳಿಗೆ ಹಡಗು ಹತ್ತಿದರು. ಉಳಿದವರು ಸರ್ಕಾರದೊಡನೆ ಮಾತುಕತೆಗೆ ಕೂತರು. ಬಂದೂಕಿನ ಬದಲು ನಮ್ಮ ಹುಡುಗರು ಏನು ಹಿಡಿಯಲಿ? ಕೊನೆಗೆ ಒಪ್ಪಿತವಾದದ್ದು ಸಸಿ. 1880ರ ದಶಕದ ಆರಂಭದಿಂದ ಮೆನೊನೈಟ್ ಯುವಕರು ಅರಣ್ಯ ಸೇವೆಯ ಶಿಬಿರಗಳಿಗೆ ಹೋಗಿ ಬಯಲಿನಲ್ಲಿ ಕಾಡು ಬೆಳೆಸಿದರು. ಅವರ ಊಟ, ಬಟ್ಟೆ, ವಸತಿಯ ವೆಚ್ಚವನ್ನು ಸಭೆಗಳೇ ಹೊತ್ತವು. ಆ ಶಿಬಿರಗಳಲ್ಲಿ ಒಂದು ಇದ್ದದ್ದು ಮೆಲಿತೊಪೋಲ್ ಪಟ್ಟಣದ ಹತ್ತಿರದ ಹಳೇ ಬೆರ್ದ್ಯಾನ್ಸ್ಕ್ ಕಾಡಿನಲ್ಲಿ. 1846ರಲ್ಲಿ, ತಮ್ಮ ಸಾವಿಗೆ ಎರಡು ವರ್ಷ ಮುಂಚೆ, ಕೊರ್ನೀಸ್ ನೆಡಲು ಶುರುಮಾಡಿದ ಕಾಡು ಅದು.

20ನೇ ಶತಮಾನ ಈ ಊರುಗಳ ಮೇಲೆ ದಯೆ ತೋರಲಿಲ್ಲ. ಅಂತರ್ಯುದ್ಧ, 1921–22ರ ಕ್ಷಾಮ, ಸಾಮೂಹಿಕ ಬೇಸಾಯದ ಹೆಸರಿನ ದಬ್ಬಾಳಿಕೆ, ಗಡೀಪಾರು, ಎರಡನೇ ಮಹಾಯುದ್ಧ. 1943ರಲ್ಲಿ ಉಳಿದ ಮೆನೊನೈಟರೂ ಗಾಡಿ ಕಟ್ಟಿ ಪಶ್ಚಿಮಕ್ಕೆ ಹೊರಟರು. ಅದಕ್ಕೂ ಎಷ್ಟೋ ಮುಂಚೆ, ಹಸಿದ ಬಂಧುಗಳಿಗೆ ನೆರವಾಗಲು 1920ರಲ್ಲಿ ಅಮೆರಿಕದ ಮೆನೊನೈಟರು ಕಟ್ಟಿದ ಮೆನೊನೈಟ್ ಸೆಂಟ್ರಲ್ ಕಮಿಟಿ ಉಕ್ರೇನಿಗೆ ಅನ್ನವನ್ನಷ್ಟೇ ಅಲ್ಲ, ಸತ್ತ ಕುದುರೆಗಳ ಬದಲು ಉಳಲು ಫೋರ್ಡ್‌ಸನ್ ಟ್ರ್ಯಾಕ್ಟರುಗಳನ್ನೂ ಕಳಿಸಿತು. ಅದೇ ಸಂಸ್ಥೆ 1942ರಲ್ಲಿ ನಮ್ಮ ಬಂಗಾಳಕ್ಕೂ ಬಂದು ಹಸಿದವರ ನಡುವೆ ದುಡಿಯಿತು. 2022ರಿಂದ ಮೊಲೋಚ್ನಾ ಸೀಮೆ ಮತ್ತೆ ಯುದ್ಧದಲ್ಲಿ ಬೇಯುತ್ತಿದೆ.

ಕೊರ್ನೀಸ್ ಕಾಲದಲ್ಲಿ ದಂಡಕ್ಕೆ ಹೆದರಿ ಗುಣಿ ತೋಡಿದ ರೈತರು ಎಷ್ಟೋ. ಅವರ ಮೊಮ್ಮಕ್ಕಳು ಅದೇ ಕಾಡಿಗೆ ಬಂದು ಗುಣಿ ತೋಡಿದ್ದು ಬಂದೂಕು ಬೇಡವೆಂದು. ಅಪ್ಪಣೆಯಾಗಿದ್ದ ಮರ ಎರಡು ತಲೆಮಾರು ಕಳೆಯುವಷ್ಟರಲ್ಲಿ ವ್ರತವಾಗಿತ್ತು. ಆ ಬದಲಾವಣೆಯನ್ನು ಕಾಣಲು ಕೊರ್ನೀಸ್ ಬದುಕಿರಲಿಲ್ಲ. ಅವರನ್ನು ಎದುರಿಸಿದ ಹಿರಿಯರೂ ಇರಲಿಲ್ಲ. ಇಬ್ಬರ ಪಾಲೂ ಆ ಕಾಡಿನಲ್ಲಿದೆ. ಒಬ್ಬರು ಸಸಿ ಕೊಟ್ಟರು, ಇನ್ನೊಬ್ಬರು ಅದನ್ನು ನೆಡುವ ಕೈಗೆ ಕತ್ತಿ ಬೇಡವೆಂದು ಕಲಿಸಿದರು.