ಮನೆಯೇ ಶಾಲೆ ಸರಿ, ಮಾರ್ಕ್ಸ್ ಕಾರ್ಡ್ ಕೊಡೋರು ಯಾರು?

ಹೋಮ್ ಸ್ಕೂಲಿಂಗ್ ಬಗ್ಗೆ ಒಮ್ಮೆ ಅರ್ಧ ಗಂಟೆಯ ಕಾರ್ಯಕ್ರಮ ಮಾಡಿದ್ದೆ. ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯೋ ಮಕ್ಕಳನ್ನ ತೋರಿಸಿದ್ವಿ. ತೋಟದಲ್ಲಿ ಓಡಾಡ್ತಾ ಜೀವಶಾಸ್ತ್ರ, ಅಡುಗೆಮನೆಯಲ್ಲಿ ಅಳತೆ ಮಾಡ್ತಾ ಭಿನ್ನರಾಶಿ. ಬೆನ್ನು ಬಾಗಿಸೋ ಬ್ಯಾಗ್ ಇಲ್ಲ, ಟೆಸ್ಟ್ ಅಂತ ಅಳೋದಿಲ್ಲ. ನೋಡಿದವರೆಲ್ಲ ಮೆಚ್ಚಿಕೊಂಡ್ರು, ನನಗೂ ಖುಷಿಯಾಯ್ತು.

ಮರುದಿನ ತುಮಕೂರು ಕಡೆಯ ತಾಯಿಯೊಬ್ಬರು ಫೋನ್ ಮಾಡಿದ್ರು. "ಸಾರ್, ಎಲ್ಲಾ ಚೆನ್ನಾಗಿ ತೋರಿಸಿದ್ರಿ. ಆದ್ರೆ ಮಗು ದೊಡ್ಡದಾದ ಮೇಲೆ ಕಾಲೇಜಿಗೆ ಹೆಂಗೆ ಸೇರಿಸೋದು ಅಂತ ಹೇಳಲೇ ಇಲ್ವಲ್ಲ?" ಅಂದ್ರು.

ಅವರ ಮಗಳಿಗೆ 14 ವರ್ಷ. ನಾಲ್ಕನೇ ಕ್ಲಾಸಿನವರೆಗೆ ಶಾಲೆಯಲ್ಲಿ ಓದಿದ್ದಾಳೆ, ಆಮೇಲೆ ಪೂರ್ತಿ ಮನೆಯಲ್ಲೇ. ಹಳೇ ಮನೆಗಳು, ದೇವಸ್ಥಾನಗಳು, ಕಂಬಗಳು ಎಲ್ಲವನ್ನೂ ಬಿಡಿಸ್ತಾಳೆ. ಆರ್ಕಿಟೆಕ್ಟ್ ಆಗಬೇಕಂತೆ. ತಾಯಿ ಒಂದು ದಪ್ಪ ಫೈಲ್ ಮಾಡಿಟ್ಟಿದ್ದಾರೆ. ಯಾವ ವರ್ಷ ಏನು ಕಲಿತಳು, ಯಾವ ಪುಸ್ತಕ ಓದಿದಳು, ಯಾವ ವಿಷಯಕ್ಕೆ ಯಾವ ಗ್ರೇಡ್, ಎಲ್ಲಾ ಬರೆದು ಕೆಳಗೆ ತಂದೆಯ ಸಹಿ. "ಈ ಫೈಲ್ ತೋರಿಸಿದ್ರೆ ಸೀಟು ಕೊಡ್ತಾರಾ ಸಾರ್?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಚಿಕೆಯಾಯ್ತು. ಒಂದು ವಾರ ಕೂತು ಪ್ರವೇಶದ ಕೈಪಿಡಿಗಳನ್ನ ಓದಿದೆ. ಆವತ್ತು ಹೇಳಬೇಕಾಗಿದ್ದನ್ನ ಇವತ್ತು ಹೇಳ್ತಿದ್ದೀನಿ.

ಮೊದಲು ಆ ಫೈಲಿನ ವಿಷಯ. ಅದು ಅಮೆರಿಕದ ಪದ್ಧತಿ. ಅಲ್ಲಿ 50 ರಾಜ್ಯಗಳಲ್ಲೂ ಹೋಮ್ ಸ್ಕೂಲಿಂಗ್ ಕಾನೂನುಬದ್ಧ. ತಂದೆ ತಾಯಿ ತಯಾರಿಸಿದ ಅಂಕಪಟ್ಟಿಯನ್ನ ಅಲ್ಲಿನ ಕಾಲೇಜುಗಳು ಪರಿಗಣಿಸ್ತವೆ, ಜೊತೆಗೆ ಎಸ್‌ಎಟಿಯಂಥ ಪರೀಕ್ಷೆಯ ಅಂಕ ನೋಡ್ತವೆ. ಅಲ್ಲಿಯ ವಿಡಿಯೊ ನೋಡಿ ನಮ್ಮವರೂ ಫೈಲ್ ಮಾಡ್ತಾರೆ. ನಮ್ಮಲ್ಲಿ ಲೆಕ್ಕ ಬೇರೆ. ಇಲ್ಲಿ ಪದವಿ ಕಾಲೇಜಿನ ಬಾಗಿಲು ತೆಗೆಯೋದು ಮಾನ್ಯತೆ ಪಡೆದ ಬೋರ್ಡಿನ 10 ಮತ್ತು 12ನೇ ತರಗತಿಯ ಅಂಕಪಟ್ಟಿ. ಅಪ್ಪನ ಸಹಿಗೆ ಮನೆಯಲ್ಲಿ ಬೆಲೆ ಇದೆ, ಪ್ರವೇಶದ ಕೌಂಟರಿನಲ್ಲಿ ಇಲ್ಲ.

ಹಾಗಾದ್ರೆ ಮನೆಯಲ್ಲಿ ಓದೋ ಮಗುವಿಗೆ ಆ ಅಂಕಪಟ್ಟಿ ಎಲ್ಲಿಂದ ಬರಬೇಕು? ಹೆಚ್ಚಿನವರು ಹಿಡಿಯೋ ದಾರಿ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದ್ರೆ ಎನ್‌ಐಒಎಸ್. 1989ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ಬೆಂಗಳೂರಿನಲ್ಲಿ ಇದರ ಪ್ರಾದೇಶಿಕ ಕೇಂದ್ರವಿದೆ. 14 ವರ್ಷ ತುಂಬಿದ್ರೆ 10ನೇ ತರಗತಿಗೆ ನೋಂದಣಿ. ಐದು ವಿಷಯ ಪಾಸಾಗಬೇಕು. ವರ್ಷಕ್ಕೆರಡು ಸಲ ಪರೀಕ್ಷೆ, ಏಪ್ರಿಲ್-ಮೇನಲ್ಲಿ ಒಂದು, ಅಕ್ಟೋಬರ್-ನವೆಂಬರ್‌ನಲ್ಲಿ ಇನ್ನೊಂದು. ಐದು ವರ್ಷದೊಳಗೆ ಒಂಬತ್ತು ಅವಕಾಶ. ಎಲ್ಲಾ ವಿಷಯ ಒಟ್ಟಿಗೇ ಬರೀಬೇಕು ಅಂತಿಲ್ಲ, ಒಂದೊಂದಾಗಿ ಮುಗಿಸಬಹುದು.

ಕೇಳೋಕೆ ಎಷ್ಟು ಸಲೀಸು, ಅಲ್ವಾ? ಎಡವೋದೂ ಇಲ್ಲೇ.

ಎನ್‌ಐಒಎಸ್‌ನಲ್ಲಿ ವಿಷಯಗಳ ಆಯ್ಕೆ ನಿಮ್ಮದು. ಒಂದು ಅಥವಾ ಎರಡು ಭಾಷೆ, ಉಳಿದದ್ದು ನಿಮ್ಮಿಷ್ಟ. ಗಣಿತ ಕಡ್ಡಾಯವಲ್ಲ! ಗಣಿತ, ವಿಜ್ಞಾನ ಎರಡನ್ನೂ ಮುಟ್ಟದೆ 10ನೇ ತರಗತಿ ಪಾಸಾಗಬಹುದು. ಈ ತಾಯಿಯೂ ಅದೇ ಯೋಚನೆಯಲ್ಲಿದ್ರು. "ಚಿತ್ರ ಬಿಡಿಸೋ ಹುಡುಗಿ ಸಾರ್, ಲೆಕ್ಕ ಅಂದ್ರೆ ಆಗಲ್ಲ. ಪೇಂಟಿಂಗ್, ಹೋಮ್ ಸೈನ್ಸ್, ಕನ್ನಡ, ಇಂಗ್ಲಿಷ್, ಸಮಾಜ ತಗೊಂಡ್ರೆ ಆರಾಮಾಗಿ ಆಗುತ್ತೆ" ಅಂದ್ರು.

ಆರಾಮಾಗಿಯೇ ಆಗುತ್ತೆ, ಪಾಸೂ ಆಗ್ತಾಳೆ. ಆದ್ರೆ ಬಿ.ಆರ್ಕ್ ಸೇರೋಕೆ 12ನೇ ತರಗತಿಯಲ್ಲಿ ಗಣಿತ, ಭೌತಶಾಸ್ತ್ರ ಓದಿರಲೇಬೇಕು. 10ರಲ್ಲಿ ಗಣಿತ ಬಿಟ್ಟ ಹುಡುಗಿ 12ರಲ್ಲಿ ಅದನ್ನ ಹಿಡಿಯೋದು ಹೇಗೆ? 14ನೇ ವಯಸ್ಸಿನಲ್ಲಿ ಅಮ್ಮ ಪ್ರೀತಿಯಿಂದ ತುಂಬಿದ ಒಂದು ಫಾರ್ಮು 18ನೇ ವಯಸ್ಸಿನಲ್ಲಿ ಮಗಳ ಕನಸಿಗೆ ಅಡ್ಡ ನಿಲ್ಲುತ್ತೆ. ಯಾರೂ ಬೇಕಂತ ಮಾಡಿದ ತಪ್ಪಲ್ಲ. ಯಾರೂ ಹೇಳಿರಲಿಲ್ಲ, ಅಷ್ಟೇ.

ಅದಕ್ಕೇ ನಾನು ಹೇಳೋದು ಇಷ್ಟು: ಯೋಜನೆಯನ್ನ ಕೊನೆಯಿಂದ ಶುರು ಮಾಡಿ. ಮಗು ಯಾವ ಪದವಿ ಓದಬಹುದು? ಅದರ ಪ್ರವೇಶಕ್ಕೆ 12ರಲ್ಲಿ ಯಾವ ವಿಷಯ ಬೇಕು? ಅದಕ್ಕೆ 10ರಲ್ಲಿ ಏನು ತಗೋಬೇಕು? ಹೀಗೆ ಹಿಂದಕ್ಕೆ ಬನ್ನಿ. ಏನಾಗಬೇಕು ಅಂತ ಮಗುವಿಗೇ ಗೊತ್ತಿಲ್ವಾ? 14ಕ್ಕೆ ಎಷ್ಟು ಮಕ್ಕಳಿಗೆ ಗೊತ್ತಿರುತ್ತೆ ಹೇಳಿ. ಹಾಗಿದ್ರೆ 10ರಲ್ಲಿ ಗಣಿತ, ವಿಜ್ಞಾನ ಎರಡನ್ನೂ ಇಟ್ಟುಕೊಳ್ಳಿ. ಆಮೇಲೆ ಬಿಡಬಹುದು, ಆಮೇಲೆ ಸೇರಿಸೋದು ಕಷ್ಟ.

12ರ ಲೆಕ್ಕವನ್ನೂ ನೋಡಿ. ಜೆಇಇ ಮೇನ್ ಬರೆಯೋರಿಗೆ ಎನ್‌ಐಒಎಸ್‌ನಲ್ಲಿ ಕನಿಷ್ಠ ಐದು ವಿಷಯ ಇರಬೇಕು. ಎನ್‌ಐಟಿ, ಐಐಟಿ ಸೀಟಿಗೆ 12ರಲ್ಲಿ 75 ಪರ್ಸೆಂಟ್ ಅಥವಾ ಬೋರ್ಡಿನ ಮೇಲಿನ 20 ಪರ್ಸೆಂಟೈಲ್ ಅನ್ನೋ ನಿಯಮವಿದೆ. ಎನ್‌ಐಒಎಸ್‌ನಲ್ಲಿ 33 ಅಂಕಕ್ಕೆ ಪಾಸು ಅಂತ ನೆಮ್ಮದಿಯಾಗಿ ಕೂತ್ರೆ ಪಾಸು ಮಾತ್ರ ಸಿಗುತ್ತೆ. ಮುಕ್ತ ಶಾಲೆಯವರಿಗೆ ಡಾಕ್ಟರ್ ಆಗೋ ದಾರಿ ಬಹಳ ಕಾಲ ಅನುಮಾನದಲ್ಲಿತ್ತು. 2024ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಅದು ಇತ್ಯರ್ಥವಾಗಿ, ಮಾನ್ಯತೆ ಪಡೆದ ಮುಕ್ತ ಶಾಲೆಯವರೂ ನೀಟ್ ಬರೆಯಬಹುದು ಅಂತಾಯ್ತು. ವಿಜ್ಞಾನ ತಗೊಂಡ್ರೆ ಪ್ರಾಯೋಗಿಕ ಪರೀಕ್ಷೆಯೂ ಇದೆ, ಮನೆಯಲ್ಲಿ ಲ್ಯಾಬ್ ಇರಲ್ಲ. ಅಧ್ಯಯನ ಕೇಂದ್ರ ಆರಿಸೋವಾಗಲೇ ಲ್ಯಾಬ್ ಬಗ್ಗೆ ಕೇಳಿ.

ಸಮಯದ ಲೆಕ್ಕ ಇನ್ನೊಂದು. ಮನೆಯಲ್ಲಿ ಬೇಗ ಕಲಿತ ಮಗು ಬೇಗ ಮುಗಿಸಲಿ ಅಂತ ಕೆಲವರಿಗೆ ಆಸೆ. 10 ಪಾಸಾದ ವರ್ಷವೇ 12 ಮುಗಿಸೋಕಾಗಲ್ಲ, ಎರಡು ವರ್ಷದ ಅಂತರ ಇರಲೇಬೇಕು. ಮೊದಲ ವರ್ಷ ಹೆಚ್ಚಂದ್ರೆ ನಾಲ್ಕು ವಿಷಯ ಬರೀಬಹುದು. ಕಾಲೇಜು ಸೇರೋ ವರ್ಷದಲ್ಲಿ ಏಪ್ರಿಲ್ ಪರೀಕ್ಷೆಗೇ ಎಲ್ಲಾ ಮುಗಿದಿರಲಿ. ಅಕ್ಟೋಬರಿಗೆ ಒಂದು ವಿಷಯ ಉಳಿದ್ರೂ ಆ ವರ್ಷದ ಪ್ರವೇಶ ಕೈತಪ್ಪುತ್ತೆ.

ಈಗ ನಮ್ಮ ರಾಜ್ಯದ ನಿಯಮಕ್ಕೆ ಬರೋಣ. ತುಂಬಾ ಪೋಷಕರಿಗೆ ಇದು ತಡವಾಗಿ ಗೊತ್ತಾಗುತ್ತೆ. ಸಿಇಟಿ ನಡೆಸೋ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸರ್ಕಾರಿ ಕೋಟಾದ ಸೀಟು ಕೊಡೋವಾಗ ನೋಡೋ ಮುಖ್ಯ ಅರ್ಹತೆ ಏನು? ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ ಏಳು ವರ್ಷ ರಾಜ್ಯದ ಮಾನ್ಯ ಸಂಸ್ಥೆಗಳಲ್ಲಿ ಓದಿರಬೇಕು. ಅದಕ್ಕೆ ಶಾಲೆಯ ವ್ಯಾಸಂಗ ಪ್ರಮಾಣಪತ್ರ ಬೇಕು. ಮನೆಯಲ್ಲಿ ಓದಿದ ವರ್ಷಕ್ಕೆ ಪ್ರಮಾಣಪತ್ರ ಕೊಡೋರು ಯಾರು? ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮ ಮೀಸಲಾತಿಗೆ ಒಂದರಿಂದ ಹತ್ತರವರೆಗೆ ಹತ್ತೂ ವರ್ಷದ ದಾಖಲೆ ಕೇಳ್ತಾರೆ. ಹಳ್ಳಿಯಲ್ಲೇ ಹುಟ್ಟಿ ಬೆಳೆದ ಮಗುವಾದ್ರೂ ಮನೆಯಲ್ಲಿ ಓದಿದ್ರೆ ಆ ಮೀಸಲಾತಿ ಕಳೆದುಕೊಂಡಂತೆ.

ಆ ತಾಯಿಯ ಜೊತೆ ಫೋನಿನಲ್ಲೇ ಲೆಕ್ಕ ಹಾಕಿದೆ. ಶಾಲೆಯಲ್ಲಿ ಓದಿದ್ದು ನಾಲ್ಕು ವರ್ಷ. 10, 12 ಎರಡನ್ನೂ ಎನ್‌ಐಒಎಸ್‌ನಲ್ಲಿ ಮುಗಿಸಿದ್ರೆ ನಾಲ್ಕಕ್ಕೇ ನಿಲ್ಲುತ್ತೆ. ಜೆಇಇ, ಖಾಸಗಿ ವಿಶ್ವವಿದ್ಯಾಲಯಗಳ ದಾರಿ ಇರುತ್ತೆ, ಆದ್ರೆ ಖಾಸಗಿ ಫೀಸು ಅವರ ಕೈಗೆ ಎಟುಕೋದಲ್ಲ. 10 ಎನ್‌ಐಒಎಸ್‌ನಲ್ಲಿ, ಪಿಯುಸಿ ಕಾಲೇಜಿನಲ್ಲಿ ಅಂದ್ರೆ ನಾಲ್ಕು ಪ್ಲಸ್ ಎರಡು, ಆರು. ಒಂದೇ ಒಂದು ವರ್ಷ ಕಮ್ಮಿ! ಈಗಲೇ ಒಂಬತ್ತನೇ ತರಗತಿಗೆ ಶಾಲೆ ಸೇರಿದ್ರೆ ಒಂಬತ್ತು, ಹತ್ತು, ಎರಡು ಪಿಯುಸಿ ಸೇರಿ ಎಂಟು.

ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ನಾವು ತಪ್ಪು ಮಾಡಿಬಿಟ್ವಾ ಸಾರ್?" ಅಂದ್ರು.

"ನೀವು ಎಲ್ಲಿ ಓದಿದ್ದಮ್ಮಾ?" ಅಂತ ಕೇಳಿದೆ. "ನಾನು ಇಲ್ಲೇ, ಒಂದರಿಂದ ಪಿಯುಸಿವರೆಗೆ ಇದೇ ಜಿಲ್ಲೇಲಿ."

ಅಲ್ಲೊಂದು ಬಾಗಿಲಿತ್ತು. ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಏಳು ವರ್ಷ ಓದಿದ್ದು, ಮಗು 11 ಮತ್ತು 12ನ್ನ ರಾಜ್ಯದ ಮಾನ್ಯ ಸಂಸ್ಥೆಯಲ್ಲೇ ಓದಿದ್ರೆ ಅದಕ್ಕೂ ಒಂದು ಅರ್ಹತಾ ಕಲಂ ಇದೆ. ಅಂದ್ರೆ ಅಮ್ಮ ಓದಿದ ಹಳೇ ಶಾಲೆಯ ಪ್ರಮಾಣಪತ್ರ ಮಗಳ ಕೈಹಿಡಿಯುತ್ತೆ. ಆದ್ರೆ ಪಿಯುಸಿಗೆ ಮಾತ್ರ ಕಾಲೇಜು ಸೇರಲೇಬೇಕು. ಇಂಥ ಕಲಂಗಳು ಹಲವಿವೆ. ನಿಮಗೆ ಯಾವುದು ಅನ್ವಯಿಸುತ್ತೆ ಅಂತ ಪ್ರಾಧಿಕಾರದ ಆ ವರ್ಷದ ಕೈಪಿಡಿಯಲ್ಲೇ ನೋಡಿ. ಪಕ್ಕದ ಮನೆಯವರ ಮಾತು ನಂಬಬೇಡಿ, ನನ್ನ ಮಾತನ್ನೂ ಕೈಪಿಡಿ ತೆಗೆದು ತಾಳೆ ನೋಡಿ.

ಹಾಗಾದ್ರೆ ಆ ಫೈಲ್ ವ್ಯರ್ಥವಾ? ಖಂಡಿತಾ ಅಲ್ಲ. ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಎನ್‌ಐಡಿಯಂಥ ಕಡೆ 12ರಲ್ಲಿ ಯಾವ ವಿಭಾಗ ಓದಿದವರೂ ಬಿ.ಡಿಸೈನ್ ಪ್ರವೇಶ ಪರೀಕ್ಷೆ ಬರೀಬಹುದು. ಅಲ್ಲಿ ಕೈಯ ಕೆಲಸ, ಕಣ್ಣಿನ ಚುರುಕು ಪರೀಕ್ಷೆಗೆ ಬರುತ್ತೆ. ಐದು ವರ್ಷ ದಿನಾ ಚಿತ್ರ ಬಿಡಿಸಿದ ಹುಡುಗಿಗೆ ಅದು ಸಣ್ಣ ಬಂಡವಾಳವಲ್ಲ. ಮನೆಯಲ್ಲಿ ಓದಿದ್ದರ ಲಾಭ ಅಲ್ಲಿದೆ. ಅಂಕಪಟ್ಟಿ ಇಲ್ಲ ಅನ್ನೋ ಕಾರಣಕ್ಕೆ ಆ ಲಾಭ ಹಾಳಾಗಬಾರದು, ಅಷ್ಟೇ ನನ್ನ ಕಾಳಜಿ.

ಹದಿನೈದು ದಿನ ಬಿಟ್ಟು ಅವರೇ ಮತ್ತೆ ಫೋನ್ ಮಾಡಿದ್ರು. ಮಗಳನ್ನ ಕೂರಿಸಿಕೊಂಡು ಮೂರೂ ದಾರಿಯನ್ನ ಹಾಳೆಯ ಮೇಲೆ ಬರೆದು ತೋರಿಸಿದ್ರಂತೆ. ಅವಳು ಕೇಳಿದ್ದು ಒಂದೇ: "ಆರ್ಕಿಟೆಕ್ಟ್ ಆಗೋಕೆ ಗಣಿತ ಬೇಕು ಅಂತ ನಂಗ್ಯಾಕೆ ಮೊದಲೇ ಹೇಳಲಿಲ್ಲ?" 10ನ್ನ ಗಣಿತ, ವಿಜ್ಞಾನದ ಜೊತೆ ಎನ್‌ಐಒಎಸ್‌ನಲ್ಲೇ ಬರೆದು, ಪಿಯುಸಿಗೆ ಕಾಲೇಜು ಸೇರ್ತಾಳಂತೆ. ಲೆಕ್ಕದ ಮೇಲೆ ಇನ್ನೂ ಸಿಟ್ಟಿದೆ, ಆದ್ರೆ ದಿನಾ ಬೆಳಗ್ಗೆ ಕೂರ್ತಾಳೆ ಅಂದ್ರು.

ಮಕ್ಕಳನ್ನ ಮನೆಯಲ್ಲಿ ಓದಿಸೋರಿಗೆ ನಾನು ಬೇಡ ಅನ್ನಲ್ಲ. 13, 14ರ ಹೊತ್ತಿಗೆ ಒಂದು ಸಂಜೆ ಬಿಡುವು ಮಾಡಿಕೊಳ್ಳಿ. ಹಾಳೆ, ಪೆನ್ನು, ಕೈಪಿಡಿ ಇಟ್ಟುಕೊಂಡು ಕೂತ್ಕೊಳ್ಳಿ. ಮಗುವನ್ನೂ ಪಕ್ಕದಲ್ಲೇ ಕೂರಿಸಿಕೊಳ್ಳಿ.