ಹೊರಗೆ ಸಿಮೆಂಟು, ಒಳಗೆ ತೇವ: ಮಣ್ಣಿನ ಗೋಡೆಯ ದುರಸ್ತಿಯಲ್ಲಿ ಎಚ್ಚರಿಕೆ

ಅರಸೀಕೆರೆ ತಾಲ್ಲೂಕಿನ ಬಾಣಾವರದ ಸುತ್ತಿನ ಹಳ್ಳಿಗಳಲ್ಲಿ ಕೆಮ್ಮಣ್ಣಿನ ಗೋಡೆಯ ಹಳೆಯ ಮನೆಗಳು ಇಂದಿಗೂ ಇವೆ. ಕೊಬ್ಬರಿ ಮಾರಿದ ಹಣ ಕೈಗೆ ಬಂದಾಗ ಇಂತಹ ಮನೆಯ ಹೊರಗೋಡೆಗೆ ಸಿಮೆಂಟು ಗಿಲಾವು ಮಾಡಿಸುವುದುಂಟು. ಹೊರಗಿನಿಂದ ಮನೆ ಹೊಸದಾಗಿ ಕಾಣುತ್ತದೆ. ಆದರೆ ಕೆಲವು ಮಳೆಗಾಲ ಕಳೆಯುವುದರೊಳಗೆ ಒಳಗೋಡೆಯ ಬುಡದಲ್ಲಿ ತೇವವೂ ಬಿಳಿಯ ಹುಡಿಯೂ ಕಾಣಿಸಿಕೊಂಡು, ಗಿಲಾವು ಹಕ್ಕಳೆಯಾಗಿ ಉದುರತೊಡಗಬಹುದು. ಇದರ ಕಾರಣವನ್ನು ರೈತರು ತಿಳಿದಿರುವುದು ಅವಶ್ಯಕ.

ಹಾನಿ ಹೇಗಾಗುತ್ತದೆ?

ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಮಣ್ಣಿನ ಗೋಡೆ ನೆಲದ ತೇವವನ್ನು ಮೇಲಕ್ಕೆ ಹೀರುತ್ತದೆ. ಮಣ್ಣಿನ ಅಥವಾ ಸುಣ್ಣದ ಗಿಲಾವು ಇದ್ದಾಗ ಈ ತೇವ ಬಿಸಿಲು ಗಾಳಿಗೆ ಹೊರಮೈಯಿಂದಲೇ ಆರುತ್ತದೆ. ಸಿಮೆಂಟು ಈ ದಾರಿಯನ್ನು ಬಹುಮಟ್ಟಿಗೆ ಮುಚ್ಚುತ್ತದೆ. ಅಲ್ಲದೆ ಜೇಡಿ ಅಂಶವಿರುವ ಮಣ್ಣು ನೆನೆದಾಗ ಹಿಗ್ಗಿ, ಒಣಗಿದಾಗ ಕುಗ್ಗುತ್ತದೆ. ಗಡುಸಾದ ಸಿಮೆಂಟು ಅದಕ್ಕೆ ಹೊಂದಿಕೊಳ್ಳಲಾರದೆ ಕೂದಲೆಳೆಯಂತಹ ಬಿರುಕು ಬಿಡುತ್ತದೆ. ಅದರೊಳಗೆ ಇಳಿದ ಮಳೆನೀರು ಹೊರಗೆ ಆರಲಾರದೆ ಮನೆಯ ಒಳಮೈಯತ್ತ ಸರಿಯುತ್ತದೆ.

ಚೌಳು ಭೂಮಿಯಲ್ಲಿ ನೀರು ಆವಿಯಾಗಿ ಉಪ್ಪು ಮೇಲೆ ಉಳಿಯುವುದನ್ನು ರೈತರು ಬಲ್ಲರು. ಗೋಡೆಯಲ್ಲಿ ನಡೆಯುವುದೂ ಅದೇ. ಉಪ್ಪಿನ ಹರಳು ಬೆಳೆದು ಗಿಲಾವನ್ನು ಹೊರಕ್ಕೆ ನೂಕುತ್ತದೆ. ಗೋಡೆಗೆ ಹೊಂದಿಕೊಂಡು ಕೊಟ್ಟಿಗೆಯಿದ್ದರೆ ಗಂಜಲದಿಂದ ಬರುವ ಲವಣಗಳು ಈ ಹಾನಿಯನ್ನು ಹೆಚ್ಚಿಸುತ್ತವೆ.

ಇದು ನಮ್ಮ ಹಳ್ಳಿಗಳಿಗೆ ಸೀಮಿತವಾದ ತೊಂದರೆಯಲ್ಲ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ರಾಂಚೋಸ್ ಡಿ ಟಾವೋಸ್ ಎಂಬಲ್ಲಿನ ಹಸಿ ಇಟ್ಟಿಗೆಯ ಹಳೆಯ ಚರ್ಚಿಗೆ 1967ರಲ್ಲಿ ಸಿಮೆಂಟು ಗಿಲಾವು ಮಾಡಿದರು. ಒಳಗೆ ನೀರು ಸೇರಿ ಗೋಡೆ ಹಾಳಾಗುತ್ತಿದ್ದುದು ತಿಳಿದು 1979ರಲ್ಲಿ ಅದನ್ನು ಕಿತ್ತು, ಮತ್ತೆ ಮಣ್ಣಿನ ಗಿಲಾವನ್ನೇ ಮಾಡಿದರು.

ನಷ್ಟವೇನು?

ತೇವದ ಗೋಡೆಗೆ ಒರಗಿಸಿದ ರಾಗಿ ಚೀಲ ಬೂಷ್ಟು ಹಿಡಿಯುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಗೋಡೆಯದೇ. ಉಂಡೆ ಕೊಬ್ಬರಿಗಾಗಿ ತಿಂಗಳುಗಟ್ಟಲೆ ಅಟ್ಟದಲ್ಲಿಡುವ ತೆಂಗಿನಕಾಯಿಯ ಭಾರವನ್ನು ಗೋಡೆ ಹೊತ್ತಿದ್ದರೆ, ಅದರ ಬುಡ ಮೆತ್ತಗಾದಾಗ ಮನೆಮಂದಿಯ ಪ್ರಾಣಕ್ಕೇ ಅಪಾಯ. ಸಿಮೆಂಟಿನ ಮರೆಯಲ್ಲಿ ಈ ಸವೆತ ಹೊರಗೆ ಕಾಣುವುದಿಲ್ಲ.

ಅನುಸರಿಸಬೇಕಾದ ಕ್ರಮಗಳು

1. ಒಳಗೋಡೆಯ ಬುಡವನ್ನು ಮೆಲ್ಲಗೆ ತಟ್ಟಿ ನೋಡಿ. ಟೊಳ್ಳು ಶಬ್ದ ಬಂದರೆ ಗಿಲಾವು ಬಿಟ್ಟಿದೆ ಎಂದು ತಿಳಿಯಿರಿ. ಮೊಳೆ ಸಲೀಸಾಗಿ ಇಳಿದರೆ ಅಥವಾ ಗೋಡೆ ಉಬ್ಬಿದ್ದರೆ ಅಟ್ಟದ ಭಾರ ಇಳಿಸಿ, ತೊಲೆಗಳಿಗೆ ಊರೆ ಕೊಡಿಸಿ, ಅನುಭವಿ ಮೇಸ್ತ್ರಿಗೆ ತೋರಿಸಿರಿ.

2. ಸೂರಿನ ನೀರು ಗೋಡೆಯ ಬುಡಕ್ಕೆ ಬೀಳದಂತೆ ದೋಣಿ ಹಾಕಿ, ದೂರ ಹರಿಯಲು ಕಾಲುವೆ ಮಾಡಿರಿ. ಬೀದಿ ಅಥವಾ ಅಂಗಳವನ್ನು ಪಾಯದ ಕಲ್ಲಿಗಿಂತ ಮೇಲಕ್ಕೆ ಏರಿಸಬಾರದು.

3. ಗೋಡೆ ಗಟ್ಟಿಯಿದ್ದರೆ ಬೇಸಿಗೆಯಲ್ಲಿ, ಬುಡದಿಂದ ಸುಮಾರು 3 ಅಡಿವರೆಗಿನ ಹೊರ ಸಿಮೆಂಟನ್ನು ಸ್ವಲ್ಪ ಸ್ವಲ್ಪವಾಗಿ ಉಳಿಯಿಂದ ಬಿಡಿಸಿರಿ. ಜೋರಾಗಿ ಬಡಿದರೆ ಒಳಗಿನ ಗಿಲಾವೂ ಬಿರಿಯುತ್ತದೆ.

4. ಗೋಡೆ ಚೆನ್ನಾಗಿ ಒಣಗಿದ ಮೇಲೆ 1 ಭಾಗ ಅರಳಿಸಿದ ಸುಣ್ಣ, 3 ಭಾಗ ಮರಳಿನ ಗಿಲಾವು ಮಾಡಿರಿ. ಸುಣ್ಣ ಕುದಿಯುವಾಗ ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಬೇಕು. ಇಲ್ಲವೇ ಕೆಮ್ಮಣ್ಣು, ಮರಳು, ಕತ್ತರಿಸಿದ ಹುಲ್ಲು, ಸಗಣಿ ಕಲಸಿ ಒಂದು ವಾರ ಹದಗೊಳಿಸಿ ಬಳಸಬಹುದು.

5. ಒಳಗಿನ ತೇವವನ್ನು ಮುಚ್ಚಲು ಒಳಗೂ ಸಿಮೆಂಟು ಬಳಿಯಬೇಡಿ. ತೇವ ಇನ್ನೂ ಮೇಲಕ್ಕೆ ಏರುತ್ತದೆ. ಎಣ್ಣೆ ಬಣ್ಣವೂ ಸಲ್ಲದು, ಸುಣ್ಣ ಹೊಡೆದರೆ ಸಾಕು.

6. ರಾಗಿಯನ್ನು ತೇವಾಂಶ ಶೇಕಡ 12ಕ್ಕೆ ಇಳಿಯುವಂತೆ ಒಣಗಿಸಿ, ಗೋಡೆಯಿಂದ ಒಂದು ಅಡಿಗಿಂತ ಹೆಚ್ಚು ದೂರದಲ್ಲಿ ಹಲಗೆಯ ಮೇಲೆ ಇಡಿರಿ.

ಹೊರಗೋಡೆಗೆ ಹಣ ಹಾಕುವ ಮುನ್ನ ಸೂರು, ಕಾಲುವೆ, ಪಾಯ ಈ ಮೂರನ್ನು ಸರಿಪಡಿಸಿಕೊಂಡರೆ ಖರ್ಚೂ ಕಡಿಮೆ, ಮನೆಯೂ ಬಾಳಿಕೆ ಬರುತ್ತದೆ.