ಬೋರ್ಡೋ ಡ್ರಮ್ಮಿನ ಬಣ್ಣ ನೋಡಿ, ಆಮೇಲೆ ಹೊಡೀರಿ

ಮಳೆ ಬೇಕಂದ್ರೂ ಸಾಕಂದ್ರೂ ಋಷ್ಯಶೃಂಗೇಶ್ವರನಿಗೆ ಪೂಜೆ ಮಾಡಿಸೋ ಊರು ನಮ್ಮ ಕಿಗ್ಗ. ಆದರೆ ಅಡಿಕೆ ಕೊಳೆ ರೋಗಕ್ಕೆ ಮಳೆ ಹಿಡಿಯೋ ಮುಂಚೆ ಬೋರ್ಡೋ ಹೊಡೀಲೇಬೇಕು. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನು ಹತ್ತಿ ನೂರು ವರ್ಷ ದಾಟಿತು, ಇವತ್ತಿಗೂ ಅದೇ ಮದ್ದು. ಈಗ ಕೆಲವರು ಅದೇ ಡ್ರಮ್ಮಿಗೆ ಹಳೇ ಗಂಜಲವನ್ನೂ ಸೇರಿಸಬಹುದಾ ಅಂತ ಕೇಳ್ತಾರೆ. ಬೇಡ. ಯಾಕೆ ಅನ್ನೋದನ್ನ ಬಣ್ಣವೇ ತೋರಿಸುತ್ತೆ.

ಮೈಲುತುತ್ತು ನೀಲಿ ಇರೋದು ಅದರೊಳಗಿನ ತಾಮ್ರವನ್ನ ನೀರಿನ ಅಣುಗಳು ಸುತ್ತುವರಿದಿರೋದ್ರಿಂದ. ಕಾಯಿಸಿ ನೀರು ಓಡಿಸಿದರೆ ಬಿಳಿ ಪುಡಿ ಆಗುತ್ತೆ, ಹನಿ ನೀರು ಬಿದ್ದರೆ ಮತ್ತೆ ನೀಲಿ. ಹೀಗೆ ಲೋಹವನ್ನ ಹಿಡ್ಕೊಳ್ಳೋ ಅಣುಗಳಿಗೆ ಲಿಗ್ಯಾಂಡ್ ಅಂತ ಹೆಸರು. ಒಂದನ್ನ ತಳ್ಳಿ ಇನ್ನೊಂದು ಕೂತರೆ ತಾಮ್ರ ಹೀರೋ ಬೆಳಕು ಬದಲಾಗುತ್ತೆ, ನಮ್ಮ ಕಣ್ಣಿಗೆ ಬಣ್ಣ ಬೇರೆ ಆಗುತ್ತೆ.

ಶೇಕಡಾ 1ರ ಬೋರ್ಡೋಗೆ 1 ಕೆಜಿ ಮೈಲುತುತ್ತನ್ನ 50 ಲೀಟರಲ್ಲಿ, 1 ಕೆಜಿ ಸುಣ್ಣವನ್ನ ಇನ್ನೊಂದು 50 ಲೀಟರಲ್ಲಿ ಕರಗಿಸಿ, ಪ್ಲಾಸ್ಟಿಕ್ ಡ್ರಮ್ಮಲ್ಲೇ. ತುತ್ತಿನ ನೀರನ್ನ ಸುಣ್ಣಕ್ಕೆ ಹಾಕ್ತಾ ಕಲಕಿ, ತಿರುಗುಮುರುಗು ಬೇಡ. ಸುಣ್ಣ ತಾಮ್ರವನ್ನ ಕರಗದ ಹಾಗೆ ಕಟ್ಟಿಹಾಕಿ, ಆಕಾಶನೀಲಿ ಮೋಡದಂಥ ಗಸಿ ಮಾಡುತ್ತೆ. ಆ ಗಸಿ ಗೊನೆಗೆ ಅಂಟಿ, ಮಳೆಯಲ್ಲಿ ತಾಮ್ರವನ್ನ ಚೂರುಚೂರೇ ಬಿಡುತ್ತೆ. ಕರಗಿದ ತಾಮ್ರ ಒಮ್ಮೆಲೇ ಬಿದ್ದರೆ ಎಳೆ ಕಾಯಿ ಸುಡುತ್ತೆ.

ಗಂಜಲ ಹಳತಾದಷ್ಟೂ ಅದರ ಯೂರಿಯಾ ಒಡೆದು ಅಮೋನಿಯಾ ಆಗುತ್ತೆ. ಮೂಗಿಗೆ ಹೊಡೆಯೋ ಘಾಟು ಅದೇ. ಅಮೋನಿಯಾ ತಾಮ್ರವನ್ನ ನೀರಿಗಿಂತ ಬಿಗಿಯಾಗಿ ಹಿಡಿಯುತ್ತೆ. ಸಾಕಷ್ಟು ಸೇರಿದರೆ ಗಸಿಯಲ್ಲಿದ್ದ ತಾಮ್ರ ಮತ್ತೆ ಕರಗಿ ಕಡುನೀಲಿ ಇಂಕು ಆಗುತ್ತೆ. ಮೊದಲು ಬೆಳಕಿನ ಕೆಂಪು ತುದಿಯನ್ನಷ್ಟೇ ಹೀರ್ತಿದ್ದ ತಾಮ್ರ ಈಗ ಕಿತ್ತಳೆ, ಹಳದಿಯನ್ನೂ ಹೀರುತ್ತೆ, ಅದಕ್ಕೇ ನೀಲಿ ಅಷ್ಟು ಗಾಢ. ನೋಡೋಕೆ ಚೆಂದ, ಬೆಳೆಗಲ್ಲ. 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ಬೆಳೆಗಾರರು ಮೈಲುತುತ್ತಿಗೆ ಅಮೋನಿಯಾ ಸೇರಿಸಿ ಇಂಥದ್ದನ್ನೇ ಹೊಡೀತಿದ್ದರು, ಎಲೆ ಸುಡೋ ಕಾಟ ಅದರದ್ದೇ ಜಾಸ್ತಿ.

ನಂಬಿಕೆ ಇಲ್ಲದಿದ್ದರೆ ಗಾಜಿನ ಲೋಟದಲ್ಲಿ ಬೋರ್ಡೋ ತಗೊಂಡು, ಘಾಟು ಗಂಜಲ ಹಾಕ್ತಾ ನೋಡಿ. ಫೋನಲ್ಲಿ ಫೋಟೋನೂ ತೆಗೀರಿ.

ಗಂಜಲ ಹಾಕದ ಬೋರ್ಡೋವನ್ನೂ ಒಂದು ಲೋಟ ಪಕ್ಕಕ್ಕೆ ಇಡಿ. ಗಸಿ ತಳ ಸೇರಿದ ಮೇಲೆ ಮೇಲಿನ ನೀರು ಬಣ್ಣವಿಲ್ಲದೆ ತಿಳಿಯಾಗಿರಬೇಕು. ತೆಳು ನೀಲಿ ಕಂಡರೆ ಸುಣ್ಣ ಕಡಿಮೆ ಬಿದ್ದಿದೆ, ಇನ್ನಷ್ಟು ಸುಣ್ಣದ ನೀರು ಹಾಕಿ. ಕತ್ತಿ ಅದ್ದಿ ಕೆಂಪು ಹಿಡೀತಾ ಅಂತ ನೋಡೋ ಹಿರಿಯರ ಪರೀಕ್ಷೆಯನ್ನೂ ಬಿಡಬೇಡಿ.

ಗಂಜಲ, ಜೀವಾಮೃತ ಏನಿದ್ರೂ ಬೇರೆ ದಿನ, ಬುಡಕ್ಕೆ. ಬೋರ್ಡೋ ಕಲಸಿದ ದಿನವೇ ಖಾಲಿ ಮಾಡಿ, ಉಳಿದದ್ದನ್ನ ಹಳ್ಳಕ್ಕೆ ಚೆಲ್ಲಬೇಡಿ.